ತಾಯಿಗಡ್ಡಿ ಕೇಳಿದ ಅಕ್ಕೋರು

ಅಕ್ಕೋರ ಪರಿಚಯ ನನಗೆ ಒಂದು ಹಂಗಾಮಿನ ಬೀಜದ ವ್ಯಾಪಾರಕ್ಕೆ ಬಿತ್ತು. ಬೆಲೆಯನ್ನು ಮೊದಲೇ ಹೇಳಿಬಿಡುತ್ತೇನೆ. ಬೆಲೆ ಹೇಳದೆ ಸರಕು ಬಿಚ್ಚಿ ತೋರಿಸುವವನನ್ನು ನಾನೂ ನಂಬುವುದಿಲ್ಲ. ಅದರ ಜೊತೆಗೆ ವರ್ಷವರ್ಷವೂ ಒಂದಿಷ್ಟು ಮೊಳಕೆಯೊಡೆದ ಉಳ್ಳಾಗಡ್ಡಿ ಹೋಯಿತು. ಅದನ್ನು ನಾನು ನಷ್ಟಕ್ಕೆ ಹಿಡಿಯುವುದಿಲ್ಲ, ಅದನ್ನು ಹೇಗೂ ಬೇರೆ ಯಾರೂ ಕೊಳ್ಳುತ್ತಿರಲಿಲ್ಲ. ಹಂಗಾಮು ಹೋದದ್ದು ಮಾತ್ರ ಖರೇ ನಷ್ಟ. ಯಾಕೆ ಹೋಯಿತೆಂದರೆ, ಆಕೆ ಒಂದು ದಿನ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು, ಗಿರಾಕಿಗಳ ಎದುರಿಗೆ ಒಂದು ಪ್ರಶ್ನೆ ಕೇಳಿದರು.

ನಮ್ಮ ಕಡೆ ಅಕ್ಕೋರು ಎಂದರೆ ಸಾಲಿ ಕಲಿಸುವ ಹೆಂಗಸು. ಈ ಅಕ್ಕೋರು ರೋಣದಲ್ಲಿ ಮೊದಲು ಹೈಸ್ಕೂಲಿನಲ್ಲಿ, ಆಮೇಲೆ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದರು. ಕಾಲೇಜಿನ ಹುಡುಗ ಹುಡುಗಿಯರು ಮೇಡಂ ಅನ್ನುತ್ತಿದ್ದರು. ಊರು ಮಾತ್ರ ಅಕ್ಕೋರು ಅನ್ನುವುದನ್ನು ಬಿಡಲಿಲ್ಲ. ನಿವೃತ್ತಿಯಾದ ಮೇಲೆ ನರಗುಂದದ ತಮ್ಮನ ಮನೆಗೆ ಹೋದರು. ಹೋದ ದೀಪಾವಳಿ ಕಳೆದ ಮೇಲೆ ಅಲ್ಲೇ, ಊಟ ಮಾಡಿ ಕೈ ತೊಳೆಯಲು ಎದ್ದವರು ಮತ್ತೆ ಕುಳಿತು, ಹಾಗೇ ಹೋದರಂತೆ. ಹೆಸರು ಬರೆಯುವುದಿಲ್ಲ. ಯಾರಾದರೂ ಅವರ ಹೆಸರನ್ನು ಪೂರ್ತಿ ಹೇಳಿದರೆ, “ಹಾಜರಿ ತಗೋತೀರೇನು?” ಎಂದು ಕೇಳುತ್ತಿದ್ದರು.

ನಾನು ಆಗ ಬಸ್‌ಸ್ಟ್ಯಾಂಡಿನ ಹತ್ತಿರ ಕೈಗಾಡಿಯಲ್ಲಿ ಉಳ್ಳಾಗಡ್ಡಿ ಮಾರುತ್ತಿದ್ದೆ. ನನಗೆ ಅಂಗಡಿ ಇಟ್ಟುಕೊಟ್ಟವರು ಯಾರೂ ಇಲ್ಲ. ಗಿರಾಕಿಯ ಕೈ ಎತ್ತ ಹೋಗುತ್ತದೆ ಎನ್ನುವುದನ್ನು ನೋಡಿ ನೋಡಿಯೇ ವ್ಯಾಪಾರ ಕಲಿತೆ. ಉಳ್ಳಾಗಡ್ಡಿ ಕೊಳ್ಳುವವರು ಬಣ್ಣ ನೋಡುತ್ತಾರೆ, ಕುತ್ತಿಗೆ ಹಿಸುಕುತ್ತಾರೆ. ಈ ಹೆಂಗಸು ಮಾತ್ರ ಒಂದೊಂದನ್ನೇ ತಲೆಕೆಳಗು ಮಾಡಿ ತಳ ನೋಡುತ್ತಿದ್ದರು.

“ಏನ್ ನೋಡ್ತೀರಿ ಅಕ್ಕೋರ? ಅದರ ಮಾರಿ ಆ ಕಡೆ ಐತ್ರಿ,” ಎಂದೆ.

“ಮಾರಿ ನೀ ನೋಡ್ಕೋ ತಮ್ಮಾ. ನನಗ ಕಾಲು ಬೇಕು.”

ಗಾಡಿಯ ಮೂಲೆಯಲ್ಲಿ, ಮೊಳಕೆ ಬಂದದ್ದಕ್ಕೆ ನಾನೇ ತೆಗೆದು ಬದಿಗಿಟ್ಟಿದ್ದವನ್ನು ಆರಿಸಿದರು. ಅವು ಹಳೆಯವು ಎಂದು ಹೇಳಿದೆ. ಮಾರುವಾಗ ಸುಳ್ಳು ಹೇಳದಿದ್ದರೆ ಚೌಕಾಶಿಗೆ ಬಲ ಬರುತ್ತದೆ ಎನ್ನುವುದು ನನಗೆ ಆಗಲೇ ಗೊತ್ತಿತ್ತು.

“ಹಳೇವೇ ಬೇಕು. ಹೊಸಾವು ಇನ್ನಾ ನಿದ್ದಿಯಾಗ ಇರ್ತಾವ. ಇವು ಎದ್ದಾವ.”

“ಹಂಗಾದ್ರ ಎಬ್ಬಿಸಿದ ಖರ್ಚು ಕೊಡಬೇಕಾಗತೈತ್ರಿ.”

“ಎಬ್ಬಿಸಿದಾಂವ ನೀ ಅಲ್ಲ, ತಾನೇ ಎದ್ದೈತಿ. ಅರ್ಧ ರೇಟ್ ಹಾಕು.”

ಅರ್ಧ ರೇಟಿಗೇ ಒಯ್ದರು. ಮುಂದೆ ಅದೇ ಪದ್ಧತಿಯಾಯಿತು. ಗಾಡಿ ಹೋಗಿ ಅಂಗಡಿಯಾಯಿತು, ಅಂಗಡಿಯಲ್ಲಿ ಉಳ್ಳಾಗಡ್ಡಿಯ ಜೊತೆ ಅದರ ಬೀಜವೂ ಬಂತು. ನನ್ನನ್ನು ‘ತಮ್ಮಾ’ ಅನ್ನುತ್ತಿದ್ದವರು ಅಂಗಡಿಯ ಪೂಜೆಯ ದಿನದಿಂದ ‘ಸಾವ್ಕಾರ್ರ’ ಎಂದು ಬಹುವಚನಕ್ಕೆ ಏರಿಸಿದರು. ಅದರಲ್ಲಿ ಗೌರವ ಎಷ್ಟು, ಚೇಷ್ಟೆ ಎಷ್ಟು ಎಂದು ನಾನು ಆರಿಸಲು ಹೋಗಲಿಲ್ಲ. ರೇಟು ಮಾತ್ರ ಅರ್ಧವೇ ಉಳಿಯಿತು.

ಆಕೆಯ ಬಲಗೈ ಹೆಬ್ಬೆರಳ ತುದಿ ಯಾವಾಗಲೂ ಕೆಂಪಾಗಿರುತ್ತಿತ್ತು. ಕುಂಕುಮವೋ ಗೋರಂಟಿಯೋ ಎಂದು ಜನ ಅಂದುಕೊಂಡಿದ್ದರು. ಒಂದು ಬೆಳಿಗ್ಗೆ ಚೀಲ ಕೊಡಲು ಕಾಲೇಜಿಗೆ ಹೋದಾಗ ನನಗೆ ತಿಳಿಯಿತು. ಕಿಟಕಿಯ ಕಟ್ಟೆಯ ಮೇಲೆ ಚಹಾದ ಗ್ಲಾಸುಗಳ ಸಾಲು, ಪ್ರತಿ ಗ್ಲಾಸಿನ ಬಾಯಿಯಲ್ಲಿ ನನ್ನದೊಂದು ಉಳ್ಳಾಗಡ್ಡಿ, ತಳ ಮಾತ್ರ ನೀರಿಗೆ ತಾಗುವಂತೆ. ಕೆಳಗೆ ಬಿಳಿ ಬೇರುಗಳು ಇಳಿದಿದ್ದವು. ಅಕ್ಕೋರು ಒಂದು ಬೇರಿನ ತುದಿ ಕತ್ತರಿಸಿ, ಕೆಂಪು ಬಣ್ಣ ಕುಡಿಸಿ, ಗಾಜಿನ ಪಟ್ಟಿಯ ಮೇಲಿಟ್ಟು, ಹೆಬ್ಬೆರಳಿನಿಂದ ಒತ್ತಿದರು. ಒತ್ತುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಮಾವಿನ ಹಣ್ಣು ಮೆತ್ತಗಾಗಿದೆಯೋ ಇಲ್ಲವೋ ನೋಡುವವರ ಹಾಗೆ.

“ಬರ್ರಿ, ನಿಮ್ಮ ಮಾಲು ನೀವೂ ನೋಡ್ರಿ.”

ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದೆ. ಗೋಡೆ ಕಟ್ಟಿದ ಕಲ್ಲುಗಳ ಹಾಗೆ ಜೀವಕೋಶಗಳು ಕಂಡವು. ಹೆಚ್ಚಿನವುಗಳಲ್ಲಿ ಒಂದೊಂದು ಕೆಂಪು ಗುಂಡಿ. ಕೆಲವುಗಳಲ್ಲಿ ಗುಂಡಿ ಬಿಚ್ಚಿ ದಾರದ ತುಣುಕುಗಳಾಗಿತ್ತು. ಒಂದರಲ್ಲಿ ಆ ತುಣುಕುಗಳು ಎರಡು ಗುಂಪಾಗಿ, ಒಂದಕ್ಕೊಂದು ಬೆನ್ನು ಹಾಕಿ, ಎರಡು ಮೂಲೆಗೆ ಹೊರಟಿದ್ದವು.

“ಮನಿ ಪಾಲಾಗಾಕತ್ತೈತಲ್ರಿ!” ಎಂದೆ. ಅಣ್ಣತಮ್ಮಂದಿರ ಪಾಲಿನಲ್ಲಿ ನನಗೆ ಬಂದದ್ದು ಒಂದು ತಕ್ಕಡಿ.

“ಪಾಲಲ್ಲ. ಪಾಲಾದ್ರ ಒಬ್ಬೊಬ್ಬರಿಗೆ ಅರ್ಧ ಬರತೈತಿ. ಇದು ಮೊದಲು ಪ್ರತಿಯೊಂದು ದಾರದ್ದೂ ಇನ್ನೊಂದು ಮಾಡಿ ಇಟ್ಕೊಂಡು, ಆಮ್ಯಾಲ ಬ್ಯಾರೆ ಆಗತೈತಿ. ಎರಡೂ ಮನಿಗೆ ಪೂರ್ತಿ ಆಸ್ತಿ.”

“ನಮ್ಮಪ್ಪಗ ಇದು ತಿಳಿದಿದ್ರ ಚಲೋ ಆಗ್ತಿತ್ರಿ.”

“ನಿಮ್ಮಪ್ಪಗ ತಿಳೀಲಿಲ್ಲ, ನಿಮ್ಮಪ್ಪನ ಮೈಗೆ ತಿಳಿದಿತ್ತು. ಇಲ್ಲಾಂದ್ರ ನೀವು ಇಷ್ಟ ಎತ್ತರ ಆಗ್ತಿರಲಿಲ್ಲ. ಏಳ್ರಿ, ಹಿಂದ ಹುಡುಗೂರು ನಿಂತಾರ.”

ಕತ್ತರಿಸುವುದನ್ನು ಬೆಳಿಗ್ಗೆಯೇ ಯಾಕೆ ಮಾಡುತ್ತೀರಿ ಎಂದು ಹೋಗುವಾಗ ಕೇಳಿದ್ದಕ್ಕೆ, ಬೇರಿನ ತುದಿಯಲ್ಲಿ ವಿಭಜನೆಯ ಗದ್ದಲ ಬೆಳಿಗ್ಗೆ ಚೆನ್ನಾಗಿ ಸಿಗುತ್ತದೆ, ತಡಮಾಡಿದರೆ ಸಂತೆ ಮುಗಿದ ಬಯಲಿನ ಹಾಗೆ ಕಾಣುತ್ತದೆ ಎಂದರು. ಇದು ನನಗೆ ತಕ್ಷಣ ಅರ್ಥವಾಯಿತು.

ಬೇರಿನದು ಒಂದು ಬಗೆಯ ವಿಭಜನೆ, ಹೂವಿನೊಳಗಿನದು ಇನ್ನೊಂದು. ಇದನ್ನು ಅವರು ಕಲಿಸುತ್ತಿದ್ದ ರೀತಿ ನನ್ನ ಕಾಲಿಗೇ ಬಂತು. ಉಳ್ಳಾಗಡ್ಡಿಯ ಜೀವಕೋಶದಲ್ಲಿ ಎಂಟು ಜೋಡಿ ವರ್ಣತಂತುಗಳು. ಎಂಟು ಜೋಡಿ ಚಪ್ಪಲಿಯನ್ನು ವರಾಂಡದಲ್ಲಿ ಸಾಲಾಗಿ ಇಡಿಸುತ್ತಿದ್ದರು. ಒಂದು ದಿನ ಪ್ರಯೋಗದ ತರಗತಿಗೆ ಬಂದವರು ಕಡಿಮೆ, ಒಂದು ಜೋಡಿ ಕಮ್ಮಿ ಬಿತ್ತು. ಚೀಲ ಕೊಡಲು ಹೋದ ನಾನು ಹೊಸ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದೆ.

“ಸಾವ್ಕಾರ್ರ, ಬಿಚ್ರಿ.”

ಬಿಚ್ಚಿದೆ. ಎಡದ್ದು ತಾಯಿಯಿಂದ ಬಂದದ್ದು, ಬಲದ್ದು ತಂದೆಯಿಂದ ಬಂದದ್ದು ಎಂದು ತಿಳಿಯಿರಿ ಎಂದರು. ಆಮೇಲೆ ಪ್ರತಿ ಜೋಡಿಯನ್ನೂ ಮುರಿದು ಒಂದನ್ನು ಆ ತುದಿಯ ಬಾಗಿಲಿಗೆ, ಒಂದನ್ನು ಈ ತುದಿಯ ಬಾಗಿಲಿಗೆ ಕಳಿಸಿದರು.

ಒಬ್ಬಳು ಹುಡುಗಿ ಕೇಳಿದಳು: “ಎಡದ್ದು ಯಾವ ಬಾಗಿಲಿಗೆ ಹೋಗಬೇಕ್ರಿ ಮೇಡಂ?”

“ಯಾವುದಕ್ಕಾದ್ರೂ ಹೋಗ್ಲಿ. ಒಂದು ಜೋಡಿದು ಎಡದ್ದು ಹೋದ್ರ, ಇನ್ನೊಂದರದು ಬಲದ್ದು ಹೋಗ್ಲಿ. ಅದಕ್ಕೇ ನೀನೂ ನಿಮ್ಮಕ್ಕನೂ ಒಂದೇ ಥರ ಇಲ್ಲ. ಆದ್ರ ಪ್ರತಿ ಜೋಡಿದೂ ಒಂದು ಬಂದಿರಬೇಕು, ಅದು ತಪ್ಪಬಾರದು. ಈಗ ಆ ಬಾಗಲದ್ದು ಪರಾಗ, ಈ ಬಾಗಲದ್ದು ಅಂಡ ಅಂತ ತಿಳೀರಿ. ಎರಡೂ ಕುಂಟ. ಬ್ಯಾರೆ ಹೂವಿನ ಕುಂಟ ಒಂದು ಬಂದು ಕೂಡಿದ್ರ ಮತ್ತ ಎಂಟು ಜೋಡಿ.”

ಗಂಟೆ ಹೊಡೆಯಿತು. ಎಲ್ಲರೂ ಒಂಟಿಕಾಲಲ್ಲಿ ಕುಣಿಯುತ್ತ ಈ ಬಾಗಿಲಿಂದ ಆ ಬಾಗಿಲಿಗೆ ಓಡತೊಡಗಿದರು.

“ಅಕ್ಕೋರ, ನನ್ನ ಎಡದ್ದು ಎಲ್ಲೈತ್ರಿ?”

“ಪರಾಗದಾಗ ಹೋಗೈತಿ. ಆ ಕಡೆ ನೋಡ್ರಿ.”

ಗಜೇಂದ್ರಗಡಕ್ಕೆ ನಾನು ಸಂತೆಗೆ ಹೋಗುವ ದಿನ, ಮಾಲು ಸಾಗಿಸಲು ನಾನು ಕೊಂಡಿದ್ದ ಮೋಟಾರು ಗಾಡಿಯಲ್ಲಿ ಅಕ್ಕೋರು ತಮ್ಮ ವಿದ್ಯಾರ್ಥಿಗಳನ್ನು ಹತ್ತಿಸುತ್ತಿದ್ದರು. ಬಾಡಿಗೆಯ ಮಾತು ನಾನು ಎತ್ತುವ ಮೊದಲೇ, “ಹೋಗುವಾಗ ಚೀಲ ಹೇರೂದು, ಅಲ್ಲಿ ಇಳಸೂದು ನಮ್ಮವರೇ ಮಾಡ್ತಾರ. ನಿಮ್ಮ ಹಮಾಲಿ ಉಳೀತು,” ಎಂದು ಮುಗಿಸಿಬಿಟ್ಟಿದ್ದರು. ಲೆಕ್ಕ ಹಾಕಿದರೆ ನನಗೇ ಒಂಚೂರು ಲಾಭವಿತ್ತು. ಅದನ್ನೂ ಅವರು ಮೊದಲೇ ನೋಡಿದ್ದರು. ಗುಡ್ಡದ ಬುಡದಲ್ಲಿ ಬಂಡೆಯಿಂದ ನೀರು ಒಸರುವ ಕಡೆ ಪಾಚಿ ಇರುತ್ತಿತ್ತು. ಮೆತ್ತಗೆ ಹಾಸಿದ ಹಸಿರು, ಅದರ ಮೇಲೆ ಕೂದಲಿನಷ್ಟು ತೆಳ್ಳಗಿನ ಕಡ್ಡಿಗಳು, ಕಡ್ಡಿಯ ತುದಿಗೆ ಸಣ್ಣ ಬುರುಡೆ. ಅಕ್ಕೋರು ಮೊಣಕಾಲೂರಿ ಕೂತರೆ ಏಳುವುದು ಬೇಗ ಆಗುತ್ತಿರಲಿಲ್ಲ.

ಒಂದು ಸಲ ಅಲ್ಲಿ ನೀರಿಗೆ ಬಂದಿದ್ದ ಇಬ್ಬರು ಹೆಂಗಸರು ಮಾತಿಗೆ ನಿಂತರು. ಮಕ್ಕಳೆಷ್ಟು, ಗಂಡ ಏನು ಮಾಡುತ್ತಾರೆ, ಎಲ್ಲ ಕೇಳಿದರು. ಮದುವೆಯಾಗಿಲ್ಲ ಎಂದರು ಅಕ್ಕೋರು.

“ಅಯ್ಯ ಶಿವನೇ! ಜೋಡಿಲ್ಲದ ಹ್ಯಾಂಗ ಇರ್ತೀರ್ರಿ ಒಬ್ಬರೇ?”

ಅಕ್ಕೋರು ಚೂರು ಪಾಚಿ ಕಿತ್ತು ಅವರ ಅಂಗೈ ಮೇಲಿಟ್ಟರು. “ಇದನ್ನ ಕೇಳ್ರಿ ತಂಗಿ. ಈ ಹಸರು ಗಿಡ ಬದುಕೆಲ್ಲಾ ಒಂದೇ ಕಾಲಿನ ಚಪ್ಪಲಿ ಮ್ಯಾಲ ನಡಸತೈತಿ. ನೀರು ಬಂದಾಗ ಜೋಡಿ ಕೂಡಿ ಈ ಕಡ್ಡಿ ಹುಟ್ಟತೈತಿ. ಜೋಡಿ ಇದ್ದದ್ದು ಈ ಕಡ್ಡಿ ಅಷ್ಟೇ. ಅದೂ ತಾಯಿ ತಲಿ ಮ್ಯಾಲ ನಿಂತು, ತಾಯಿ ಕೊಟ್ಟದ್ದು ಉಂಡು, ಬೀಜಕ ಉದುರಿಸಿ ಒಣಗತೈತಿ. ಒಂಟಿ ಇದ್ದದ್ದೇ ಹಸರಾಗಿ ಉಳೀತೈತಿ. ಏನರೆ ಕಮ್ಮಿ ಆಗೇತೇನು?”

ಚಪ್ಪಲಿಯ ಪಾಠ ಗೊತ್ತಿದ್ದ ಹುಡುಗಿಯರು ನಕ್ಕರು. ಹೆಂಗಸರಿಗೆ ಪಾಠ ಗೊತ್ತಿರಲಿಲ್ಲ. ಆದರೂ ಒಬ್ಬಾಕೆ ಅಂಗೈ ನೋಡುತ್ತ ಅಂದಳು: “ಖರೇ ಬಿಡ್ರಿ. ನಮ್ಮನ್ಯಾಂವಂಗ ಎರಡೂ ಕಾಲಿನ ಚಪ್ಪಲಿ ನಾನೇ ಹುಡುಕಿ ಕೊಡಬೇಕು.”

ಬರುವ ದಾರಿಯಲ್ಲಿ ಅಕ್ಕೋರು ಅದನ್ನೇ ನೆನೆದು ನಗುತ್ತಿದ್ದರು. ಮನುಷ್ಯರು ತಮ್ಮ ಬದುಕಿನ ಸುತ್ತೊಂದೇ ಸುತ್ತು ಅಂದುಕೊಂಡಿದ್ದಾರೆ ಎಂದರು. ಪಾಚಿಯ ಸುತ್ತು ಬೇರೆ, ಸೊಳ್ಳೆಯದು ಬೇರೆ, ಹಿಟ್ಟು ಹುದುಗಿಸುವ ಯೀಸ್ಟಿನದು ಬೇರೆ. “ಯಾವುದರ ಸುತ್ತು ಹ್ಯಾಂಗ ಐತಿ ಅಂತ ಗೊತ್ತಿಲ್ದ ಅದರ ಕೂಡ ವ್ಯಾಪಾರ ಮಾಡಬಾರದು ಸಾವ್ಕಾರ್ರ.” ಇದನ್ನು ಅವರು ಸುಮ್ಮನೆ ಹೇಳಿದ್ದು. ನಾನೂ ಸುಮ್ಮನೆ ಕೇಳಿದೆ.

ಇನ್ನು ಆ ಹಂಗಾಮಿನ ವಿಷಯ.

ದಸರೆಯ ಮುಂದೆ ಬೋರು ಇದ್ದವರು ಚಳಿಗಾಲದ ಉಳ್ಳಾಗಡ್ಡಿಗೆ ಬೀಜ ಹುಡುಕುತ್ತಾರೆ. ಆ ವರ್ಷ ನರಗುಂದದ ಕಾಲುವೆಯ ಕಡೆಯ ಗೌಡರೊಬ್ಬರ ಹತ್ತಿರ ಬೇಕಾದಷ್ಟು ಬೀಜ ಇರುವ ಸುದ್ದಿ ಬಂತು. ಹಳೆಯ ಮನೆತನ, ಬೇಕಾದಷ್ಟು ಹೊಲ. ಅಂಥವರ ಅಂಗಳದಲ್ಲಿ ಕೂತು ಚೌಕಾಶಿ ಮಾಡುವುದು ನನ್ನಂಥವನಿಗೆ ಒಂದು ಸುಖ. ಇದ್ದ ಬೀಜವನ್ನೆಲ್ಲ ಒಂದೇ ಮಾತಿಗೆ ನಗದು ಕೊಟ್ಟು ಕೊಂಡೆ. ಕಪ್ಪಗೆ, ತುಂಬಿದ ಬೀಜ. ನೀರಿಗೆ ಹಾಕಿದರೆ ಮುಳುಗಿತು, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಚೆನ್ನಾಗಿ ಮೊಳೆಯಿತು. ಅಸೂಟಿ, ಜಕ್ಕಲಿ, ಪುರ್ತಗೇರಿಯ ರೈತರಿಗೆ ಹೇಳಿಕಳಿಸಿದೆ. ಚೀಲ ಬಿಚ್ಚುವ ದಿನ ಕಟ್ಟೆಯ ಮೇಲೆ ಜನ ತುಂಬಿದ್ದರು.

ಅಕ್ಕೋರು ತಮ್ಮ ಮೊಳಕೆಯ ಉಳ್ಳಾಗಡ್ಡಿಗೆ ಬಂದವರು, ತಟ್ಟೆಯಲ್ಲಿದ್ದ ಬೀಜವನ್ನು ಅಂಗೈಗೆ ಸುರಿದುಕೊಂಡರು.

“ಚಲೋ ಅದಾವ. ಇವುಗಳ ತಾಯಿ ಎಲ್ಲೈತಿ?”

“ಅಂದ್ರ?”

“ತಾಯಿಗಡ್ಡಿ. ಯಾವ ಗಡ್ಡಿ ಹೂಳಿ ಈ ಬೀಜ ತಗದ್ರು, ಅದನ್ನ ನೋಡೀರೇನು?”

ನಾನು ಬೀಜ ನೋಡಿದ್ದೆ, ಗೌಡರನ್ನು ನೋಡಿದ್ದೆ, ಅವರ ಮನೆಯ ಕಂಬಗಳನ್ನೂ ನೋಡಿದ್ದೆ. ತಾಯಿಗಡ್ಡಿ ನೋಡಿರಲಿಲ್ಲ.

ಜಕ್ಕಲಿಯ ಹಿರಿಯ ರೈತನೊಬ್ಬ, ನಾವು ಕಾಕಾ ಅನ್ನುವವನು, ಗದ್ದ ಕೆರೆದುಕೊಂಡ. “ಅಕ್ಕೋರು ಹೆಣ್ಣ ನೋಡಾಕ ಬಂದಾಂಗ ಕೇಳಾಕತ್ತಾರಲ್ಲೋ!”

“ಹೆಣ್ಣ ನೋಡಾಕ ಹೋದಾಗ ತಾಯಿ ಕಡೆ ನೋಡೂದಿಲ್ಲೇನು ಕಾಕಾ?”

ಎಲ್ಲರೂ ನಕ್ಕರು. ನಾನು ಧೈರ್ಯ ತೋರಿಸಲು ಅಲ್ಲೇ ಗೌಡರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಇಟ್ಟೆ. ತಾಯಿಗಡ್ಡಿ ಎಲ್ಲಿಯದು ಗೌಡ್ರ ಎಂದು ಕೇಳಿದೆ.

“ತಾಯಿಗಡ್ಡಿದೇನ್ ಗರಜು ಸಾವ್ಕಾರ? ಹ್ವಾದ ಚಳಿಗಾಲ ಬಿತ್ತಿದ ಹೊಲದಾಗ ಅರ್ಧಕ್ಕರ್ಧ ತಾನೇ ದಂಟೆತ್ತಿ ಹೂ ಬಿಟ್ಟಿತು. ಗಡ್ಡಿ ಕಟ್ಟಲಿಲ್ಲ ಅಂತ ಅಳಕೋತ ಕುಂದ್ರೂದ್ಯಾಕ? ಬೀಜ ಬಿಡಿಸಿಕೊಂಡೆ. ಗಡ್ಡಿ ಕಾಯ್ದು, ಕೂಡಿಟ್ಟು, ಮತ್ತ ಹೂಳೂ ತ್ರಾಸೇ ಇಲ್ಲ. ಎರಡು ಹಂಗಾಮಿನ ಕೆಲಸ ಒಂದರಾಗ ಆತು!”

ಗೌಡರ ದನಿಯಲ್ಲಿ ಮೋಸವಿರಲಿಲ್ಲ, ಹಿಗ್ಗಿತ್ತು. ಕಟ್ಟೆಯ ಮೇಲಿದ್ದವರಲ್ಲೂ ಕೆಲವರು ‘ಹುಷಾರ್ ಮನುಷ್ಯಾ’ ಎಂದು ತಲೆಯಾಡಿಸಿದರು. ಖರ್ಚು ಉಳಿಸಿದವನನ್ನು ನಮ್ಮಲ್ಲಿ ಎಲ್ಲರೂ ಮೆಚ್ಚುತ್ತಾರೆ. ನಾನೂ ಮೆಚ್ಚುತ್ತಿದ್ದೆ, ಅಕ್ಕೋರು ಅಂಗೈಯಲ್ಲಿದ್ದ ಬೀಜವನ್ನು ಒಂದೂ ಚೆಲ್ಲದಂತೆ ತಟ್ಟೆಗೆ ವಾಪಸು ಸುರಿಯದಿದ್ದರೆ.

“ಉಳ್ಳಾಗಡ್ಡಿಗೆ ಎರಡು ಪಾಳಿ,” ಎಂದರು. “ಮೊದಲನೇದರಾಗ ಕೂಡಿಡತೈತಿ, ಅದೇ ಗಡ್ಡಿ. ಚಳಿ ಕಂಡ ಮ್ಯಾಲ ಎರಡನೇದರಾಗ ಆ ಗಂಟು ಬಿಚ್ಚಿ ಹೂವಿಗೆ ಖರ್ಚು ಮಾಡತೈತಿ. ಕೆಲವು ಕೂಡಿಡೂದ್ರಾಗೇ ಅವಸರ ಮಾಡಿ ಖರ್ಚಿಗೆ ಬೀಳ್ತಾವ. ಗೌಡ್ರು ಅಂಥಾವನ್ನೇ ಆರಿಸಿ ಬೀಜ ಹಿಡದಾರ. ತಾಯಿ ಅವಸರ ಮಕ್ಕಳಿಗೆ ಬರತೈತಿ.”

“ಎಲ್ಲಾ ದಂಟಿಗೆ ಹೋಗ್ತಾವೇನ್ರಿ?” ಎಂದು ನಾನು ಕೇಳಿದೆ.

“ಗೊತ್ತಿಲ್ಲ.”

“ಅರ್ಧ?”

“ಗೊತ್ತಿಲ್ಲ. ಚಳಿ ಹ್ಯಾಂಗ ಬೀಳತೈತಿ, ಆಗ ಸಸಿ ಎಷ್ಟು ದಪ್ಪ ಇರತೈತಿ, ಅದರ ಮ್ಯಾಲೂ ಐತಿ. ಬ್ಯಾರೆ ಬೀಜಕ್ಕಿಂತ ಜಾಸ್ತಿ ಹೋಗ್ತಾವ. ಅಷ್ಟೇ ಹೇಳಬಲ್ಲೆ.”

“ಆಣಿ ಮಾಡಿ ಹೇಳ್ತೀರೇನು?”

“ಆಣಿ ಮಾಡೂದು ನಮ್ಮ ಸಾಲ್ಯಾಗಿಲ್ಲ. ಸಾಲು ಹಚ್ಚಿ ನೋಡೂದು ಐತಿ.”

ಖಂಡಿತ ಎಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಸುಳ್ಳಿರಬಹುದು ಎಂದಿದ್ದರೂ ಸುಲಭವಾಗುತ್ತಿತ್ತು. ಚಲೋ ಬೀಜದಲ್ಲಿ ಕಲಸಿ ಮಾರಿದರೆ ಹೇಗೆ ಎಂದು ದನಿ ತಗ್ಗಿಸಿ ಕೇಳಿದೆ. ಕಲಸಿದ ಮೇಲೆ ನಿಮಗೂ ಆರಿಸಲು ಬರುವುದಿಲ್ಲ, ಯಾರ ಹೊಲ ಯಾಕೆ ಕೆಟ್ಟಿತು ಅನ್ನುವುದು ನಿಮಗೂ ತಿಳಿಯುವುದಿಲ್ಲ ಎಂದು, ಅವರೂ ದನಿ ತಗ್ಗಿಸಿಯೇ ಹೇಳಿದರು.

ಕಾಕಾ ಎದ್ದು ನಿಂತ. “ಏ ಸಾವ್ಕಾರ, ಸಾಕಪ್ಪಾ ಪಾಠ. ಮೊಳಕಿ ಬರತೈತಲ್ಲ? ಮಡಿ ತಯಾರ್ ಐತಿ. ಕೊಡು ನಡಿ.”

ಆ ಹೊತ್ತಿನಲ್ಲಿ ನನ್ನೆದುರಿಗೆ ಇದ್ದದ್ದು ಇಷ್ಟು. ಕೊಳ್ಳುವವರು ಬೇಡ ಅನ್ನುತ್ತಿರಲಿಲ್ಲ; ಕೇಳಿಸಿಕೊಂಡೂ ಕೈ ಚಾಚಿದ್ದರು. ಮಾರಿದರೆ ಹಂಗಾಮು ನನ್ನದು. ಆದರೆ ದಂಟಿಗೆ ಹೋದ ಹೊಲದಲ್ಲಿ ನಿಂತವನು ಈ ಕಟ್ಟೆಯ ಮಾತು ನೆನೆಯುವುದಿಲ್ಲ, ಚೀಲ ಕಟ್ಟಿಕೊಟ್ಟವನ ಮುಖ ನೆನೆಯುತ್ತಾನೆ. ಬೀಜದ ಅಂಗಡಿಗೆ ಒಂದೇ ಆಸ್ತಿ, ಮುಂದಿನ ವರ್ಷ ಅದೇ ರೈತ ಅದೇ ಮೆಟ್ಟಿಲು ಹತ್ತುವುದು. ನಾನು ಚೀಲದ ಬಾಯಿ ಕಟ್ಟಿದೆ. ಇದರಲ್ಲಿ ದೊಡ್ಡತನ ಹುಡುಕಬೇಡಿ. ವ್ಯಾಪಾರದ ಲೆಕ್ಕವೇ ಅದು.

“ಬೀಜ ಇಲ್ಲ ಕಾಕಾ. ಬ್ಯಾರೆ ಕಡೆ ನೋಡ್ರಿ.”

“ಸಾಲಿ ಹೆಂಗಸಿನ ಮಾತು ಕೇಳಿ ಅಂಗಡಿ ಮುಚ್ಚತಿಯೇನೋ? ನಾಳಿಂದ ಬೋರ್ಡ್ ಮ್ಯಾಲ ಬರಿಯೂ ಖಡು ಹಿಡಕೊಂಡು ನೀನೂ ಹಾಜರಿ ಹೇಳಾಕ ಹೋಗು!” ಎಂದು ಬೈದು ಎಲ್ಲರನ್ನೂ ಎಬ್ಬಿಸಿಕೊಂಡು ಹೋದ. ಕಟ್ಟೆ ಖಾಲಿಯಾಯಿತು. ಗೌಡರು ಮಾಲು ತಿರುಗಿ ತೆಗೆದುಕೊಳ್ಳಲಿಲ್ಲ. ಕೊಟ್ಟದ್ದನ್ನು ಮರಳಿ ಪಡೆಯುವ ಪದ್ಧತಿ ಅವರ ಮನೆಯಲ್ಲಿ ಇರಲಿಲ್ಲವಂತೆ. ಉಳ್ಳಾಗಡ್ಡಿ ಬೀಜ ಮುಂದಿನ ವರ್ಷಕ್ಕೆ ನಿಲ್ಲುವ ಸರಕಲ್ಲ.

ಅಕ್ಕೋರು ಸಮಾಧಾನದ ಮಾತೇನೂ ಆಡಲಿಲ್ಲ. “ತಮ್ಮಾ, ಅದರಾಗಿಂದು ಒಂದು ಹಿಡಿ ಕೊಡು,” ಎಂದರು. ನಾನು ಹೇಳಿದ ಪೂರ್ತಿ ಬೆಲೆ ಕೊಟ್ಟು ಒಯ್ದರು. ಚೌಕಾಶಿ ಮಾಡದೆ ಅವರು ನನ್ನಲ್ಲಿ ಕೊಂಡದ್ದು ಅದೊಂದೇ. ಮತ್ತೆ ತಮ್ಮಾ ಅಂದದ್ದೂ ಆವತ್ತೇ.

ಕಾಲೇಜಿನ ಕಂಪೌಂಡಿನಲ್ಲಿ ಎರಡು ಸಾಲು ಹಚ್ಚಿದರು. ಒಂದು ಗೌಡರ ಬೀಜದ್ದು, ಇನ್ನೊಂದು ಪುರ್ತಗೇರಿಯಲ್ಲಿ ಗಡ್ಡೆ ಆರಿಸಿ, ಕೂಡಿಟ್ಟು, ಹೂಳಿ ಬೀಜ ತೆಗೆಯುವ ಮನೆಯದ್ದು. ನೀರು ಒಂದೇ, ಗೊಬ್ಬರ ಒಂದೇ. ನಾನು ಆಗಾಗ ಹೋಗಿ ನೋಡುತ್ತಿದ್ದೆ. ಎಳ್ಳಮಾವಾಸ್ಯೆಗೆ ಊರವರೆಲ್ಲ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಹೋಗುವ ಹೊತ್ತಿಗೂ ಎರಡೂ ಸಾಲು ಅವಳಿ ಮಕ್ಕಳ ಹಾಗೆ ನಿಂತಿದ್ದವು. ಅಂಗಡಿಯ ಮುಂದೆ ಹಾದವರು, “ಸಾವ್ಕಾರ್ರ, ತಾಯಿ ಸಿಕ್ಕಳೇನು?” ಎಂದು ಕೇಳುತ್ತಿದ್ದರು.

“ಅಕ್ಕೋರ, ಎರಡೂ ಒಂದೇ ಥರ ಅದಾವಲ್ರಿ!” ನನ್ನ ದನಿ ಏರಿತ್ತು.

“ಅವಸರ ಮಾಡಬ್ಯಾಡ್ರಿ. ನೀವೂ ದಂಟಿಗೆ ಹೋಗೀರಿ.”

ಶಿವರಾತ್ರಿಯ ಹೊತ್ತಿಗೆ ಹೇಳಿಕಳಿಸಿದರು. ಹೋದರೆ ನನ್ನನ್ನು ಮೊದಲು ಪುರ್ತಗೇರಿಯ ಸಾಲಿನ ಮುಂದೆ ನಿಲ್ಲಿಸಿದರು. ಅದರಲ್ಲೂ ಅಲ್ಲೊಂದು ಇಲ್ಲೊಂದು ದಂಟು ಎದ್ದಿತ್ತು. “ಇದನ್ನೂ ನೋಡ್ರಿ, ಇಲ್ಲೂ ಹೋಗ್ಯಾವ. ಇದನ್ನ ಮುಚ್ಚಿಟ್ಟು ಅದನ್ನಷ್ಟೇ ತೋರಿಸಿದ್ರ ಪಾಠ ಅಲ್ಲ, ಜಾಹೀರಾತು.” ಆಮೇಲೆ ಗೌಡರ ಸಾಲಿಗೆ ಕರೆದೊಯ್ದರು. ಎಲ್ಲವೂ ಹೋಗಿರಲಿಲ್ಲ. ಆದರೆ ಎಣಿಸುವ ಅಗತ್ಯ ಬೀಳಲಿಲ್ಲ. ಹಸಿರು ಟೊಳ್ಳು ದಂಟುಗಳು ಬೇಲಿಯಂತೆ ನಿಂತು, ತುದಿಯಲ್ಲಿ ಬಿಳಿ ಚೆಂಡು ಬಿಡಿಸುತ್ತಿದ್ದವು. ಒಂದನ್ನು ಕಿತ್ತು ತಳ ನೋಡಿದೆ. ಗಡ್ಡೆ ಇರಬೇಕಾದಲ್ಲಿ ಬೆರಳು ದಪ್ಪದ ಬುಡ, ಅದಕ್ಕೆ ಬೇರು.

ಕಾಕಾನನ್ನು ಕರೆತಂದು ತೋರಿಸಿದೆ. ಅವನು ಸಾಲಿನ ಉದ್ದಕ್ಕೂ ನಡೆದು, ನನ್ನ ಗಾಡಿಯಲ್ಲೇ ಕೂತು ವಾಪಸು ಬಂದ. ಮುಂದಿನ ಹಂಗಾಮಿಗೆ ಮೊದಲು ಮೆಟ್ಟಿಲು ಹತ್ತಿದವನು ಅವನೇ. ಗೌಡರು ಯಾರೂ ಕರೆಯದೆ ತಾವೇ ಬಂದರು. ಕೈ ಹಿಂದೆ ಕಟ್ಟಿಕೊಂಡು ನೋಡಿದರು.

“ನಮ್ಮ ಹೊಲದಾಗೂ ಹಿಂಗೇ ಇತ್ತು. ನಾ ಲಾಭ ಅಂದ್ಕೊಂಡೆ ಅಕ್ಕೋರ.”

“ಲಾಭನೇ ಆಗಿತ್ತು ಗೌಡ್ರ. ಗಿಡಕ್ಕ.”

ಗೌಡರು ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ಜೋರಾಗಿ ನಕ್ಕರು. ಆ ವರ್ಷದಿಂದ ಅವರ ಮನೆಯಲ್ಲಿ ಬೀಜಕ್ಕೆಂದು ಗಡ್ಡೆ ಆರಿಸಿ ಗಾಳಿಯಾಡುವ ಕಡೆ ಹರವಿಡುತ್ತಾರೆ. ನನ್ನ ಅಂಗಡಿಯಲ್ಲಿ ಬೀಜದ ಚೀಲದ ಮೇಲೆ ಅದರ ತಾಯಿಗಡ್ಡಿ ತುಂಬಿದ, ಬಲೆಯಂಥ ಜಾಳಿಗೆಯೊಂದನ್ನು ತೂಗುಹಾಕುತ್ತೇವೆ. ಈಗ ಬೇರೆ ಅಂಗಡಿಗಳಲ್ಲೂ ಜಾಳಿಗೆ ಕಾಣುತ್ತದೆ. ಒಳಗಿರುವುದು ಅದೇ ಬೀಜದ ತಾಯಿಯೋ ಸಂತೆಯಲ್ಲಿ ತಂದದ್ದೋ, ಅದು ಅವರವರ ನಿಯತ್ತು.

ಅಕ್ಕೋರು ಹೋದ ಸುದ್ದಿ ಬಂದ ದಿನ ನಾನು ಗಾಡಿಯಲ್ಲಿ ನರಗುಂದಕ್ಕೆ ಹೋದೆ. ಗೌಡರು ನನಗಿಂತ ಮೊದಲೇ ಬಂದು ಅಂಗಳದಲ್ಲಿ ಕೂತಿದ್ದರು. ಮಣ್ಣು ಮಾಡಿ ಬಂದ ಮೇಲೆ, ಅಕ್ಕೋರ ತಮ್ಮನ ಹೆಂಡತಿ ನಮ್ಮಿಬ್ಬರನ್ನು ಒಳಗೆ ಕರೆದಳು. ಕಿಟಕಿಯಲ್ಲಿ ಒಂದು ಚಹಾದ ಗ್ಲಾಸು, ಅದರ ಬಾಯಿಗೆ ಒಂದು ಉಳ್ಳಾಗಡ್ಡಿ, ಕೆಳಗೆ ಬಿಳಿ ಬೇರು. ಅದು ನನ್ನ ಅಂಗಡಿಯದಲ್ಲ ಎಂದು ನೋಡಿದ ಕೂಡಲೇ ತಿಳಿಯಿತು. ನರಗುಂದದಲ್ಲೂ ಅರ್ಧ ರೇಟಿಗೆ ಕೊಡುವ ಯಾರನ್ನೋ ಹುಡುಕಿಕೊಂಡಿದ್ದರು.

“ಇದನ್ನ ಏನ್ ಮಾಡೂದ್ರಿ? ಚೆಲ್ಲಾಕ ಮನಸ ಬರವಲ್ದು, ಅಡಿಗಿಗೆ ಹಾಕಾಕೂ ಬರವಲ್ದು,” ಎಂದಳು.

ದೀಪಾವಳಿ ಕಳೆದು ಚಳಿ ಹಿಡಿದಿತ್ತು. ಬೀಜಕ್ಕೆ ಗಡ್ಡೆ ಹೂಳುವ ಕಾಲ ಅದೇ. ಗೌಡರ ಹೊಲದಲ್ಲಿ ಬೀಜದ ಮಡಿಗಳು ತಯಾರಿದ್ದವು. ಅವರು ಗ್ಲಾಸಿನಿಂದ ಉಳ್ಳಾಗಡ್ಡಿ ಎತ್ತಿದರು. ಅಕ್ಕೋರ ಹೆಸರಲ್ಲಿ ತಮ್ಮ ಮಡಿಯಲ್ಲಿ ಹೂಳುತ್ತಾರೆ ಎಂದು ನಾನು ಅಂದುಕೊಂಡೆ. ಆಕೆಯೂ ಹಾಗೇ ಅಂದುಕೊಂಡಿರಬೇಕು, ಕಣ್ಣೊರೆಸಿಕೊಂಡಳು.

ಗೌಡರು ಅದನ್ನು ತಲೆಕೆಳಗು ಮಾಡಿ ತಳ ನೋಡಿದರು. “ಇದು ಯಾವ ಹೊಲದ್ದು ತಂಗಿ?”

“ಗೊತ್ತಿಲ್ರಿ. ಸಂತ್ಯಾಗ ತಂದಿದ್ರು.”

“ಹಂಗಾದ್ರ ಬೀಜದ ಮಡಿಗೆ ಬ್ಯಾಡವ್ವಾ. ಇದರ ತಾಯಿ ಯಾರಂತ ನಮಗ ಗೊತ್ತಿಲ್ಲ.” ಮೆಲ್ಲಗೆ ಅದನ್ನು ಮತ್ತೆ ಗ್ಲಾಸಿನ ಮೇಲಿಟ್ಟರು, ಬೇರು ನೀರಿಗೆ ತಾಗುವಂತೆ ಸರಿಮಾಡಿದರು. “ಹಿತ್ತಲಾಗ ಹಚ್ಚು. ಹೂ ಚಂದ ಬಿಡತೈತಿ.”

ಆಕೆಗೆ ಇದು ಒರಟಾಗಿ ಕಂಡಿರಬಹುದು.

ಓದುವವರಿಗೆ ನನ್ನ ಮಾತು ಇಷ್ಟೇ. ಉಳ್ಳಾಗಡ್ಡಿ ಬೀಜ ಕೊಳ್ಳುವಾಗ ಆ ವರ್ಷದ್ದನ್ನೇ ಕೊಳ್ಳಿ. ಚಿಟಿಕೆ ತಂದು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡದೆ ಚೀಲಕ್ಕೆ ಕೈ ಹಾಕಬೇಡಿ. ಮೊಳಕೆ ಬಂತೆಂದು ಅಲ್ಲಿಗೇ ನಿಲ್ಲಲೂ ಬೇಡಿ, ತಾಯಿಗಡ್ಡಿ ತೋರಿಸು ಎಂದು ಕೇಳಿ. ಮಾರುವವನು ತಡವರಿಸಿದರೆ ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ನಡೆಯಿರಿ, ಅದು ನನ್ನ ಅಂಗಡಿಯಾದರೂ ಸರಿ. ನಿಮ್ಮದೇ ಬೀಜ ತೆಗೆಯುವವರಾದರೆ, ಮೊದಲ ಪಾಳಿಯಲ್ಲೇ ದಂಟೆತ್ತಿದ್ದನ್ನು ಪುಕ್ಕಟೆ ಬಂತೆಂದು ಬೀಜಕ್ಕೆ ಬಿಡಬೇಡಿ. ಕಿತ್ತು ಪಲ್ಯ ಮಾಡಿ, ಎಳೆಯ ದಂಟು ರುಚಿಯಾಗಿರುತ್ತದೆ. ಮತ್ತೆ, ನೀವು ಮಾರುವ ಕಡೆ ಕೂತವರಾದರೆ ಇದೊಂದು ನೆನಪಿಡಿ. ಯಾರಾದರೂ ಬಂದು ನಿಮ್ಮ ಉಳ್ಳಾಗಡ್ಡಿಯನ್ನು ಒಂದೊಂದೇ ತಲೆಕೆಳಗು ಮಾಡಿ ನೋಡತೊಡಗಿದರೆ, ಕೈ ಹಿಡಿಯಬೇಡಿ. ಅರ್ಧ ರೇಟಿಗೆ ಕೇಳುತ್ತಾರೆ. ಕೊಡಿ.